ಬರ್ಲಿ ಬರ್ಲಿ

ಗುತ್ತಲಿನ ನಮ್ಮ ಕ್ರಾಸಿನಲ್ಲಿ
ನಾನು ಕಾರು ಹಿಂದಕ್ಕೆ ತೆಗೆದರೆ
ಎಲ್ಲರಿಗೂ ಒಂದು ಕೆಲಸ ಸಿಗುತ್ತದೆ.
ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಪಾಪಣ್ಣ,
‘ಲೆಫ್ಟು ಹೊಡೀರಿ ಮೇಡಂ.’
ಹಾಲಿನ ಕ್ಯಾನು ಇಳಿಸದೆಯೇ ಶಿವಲಿಂಗು,
‘ಫುಲ್ಲು ರೈಟು, ಫುಲ್ಲು ರೈಟು.’
ಮೂರನೇ ಕ್ಲಾಸಿನ ಪೋರನೊಬ್ಬ
ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸಿ ತೋರಿಸುತ್ತಾನೆ.
ಎಲ್ಲರ ಮಾತೂ ಕೇಳಿ ಒಂದು ದಿನ
ಎಮ್ಮೆಯ ಹಾಗೆ ಲೈಟು ಕಂಬಕ್ಕೆ
ಕಾರಿನ ಬೆನ್ನುಜ್ಜಿದೆ.

ಹಲಗೇಗೌಡರು ಮಾತ್ರ ಏನೂ ಹೇಳಲಿಲ್ಲ.
ಮೂವತ್ತೊಂದು ವರ್ಷ ಕಬ್ಬಿನ ಲಾರಿಯ ಕ್ಲೀನರು.
ಎದುರು ಮನೆಯ ಜಗುಲಿಯಲ್ಲಿ ಕೂತು
ಕಂಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಎಲೆಗೆ ಸುಣ್ಣ ಸವರಿದರು.

ಕ್ಯಾಮೆರಾಕ್ಕೆ ಸಾವಿರದ ನಾನೂರು, ಪರದೆ ಬೇರೆ.
ನೂರಡಿ ರಸ್ತೆಯ ಅಂಗಡಿಯವನು
‘ಫಿಟ್ಟಿಂಗಿಗೆ ಸಾರ್‌ನ ಕರ್ಕೊಂಡ್ ಬನ್ನಿ’ ಅಂದ.
ಯಾವ ಸಾರು?
ನಮ್ಮನೆಯಲ್ಲಿರುವುದು ಬಸ್ಸಾರು.

ಭಾನುವಾರ. ಡಿಕ್ಕಿ ಬಾಗಿಲ ಒಳಹಲಗೆ ಬಿಚ್ಚಿದೆ.
ಟಕ್ ಎಂದು ಒಂದು ಕ್ಲಿಪ್ಪು ಮುರಿಯಿತು,
ಟಕ್ ಎಂದು ಇನ್ನೊಂದು.
ರಿವರ್ಸ್ ದೀಪದ ವೈರು ಯಾವುದೆಂದು
ಟೆಸ್ಟರಿನ ಸೂಜಿಯಿಂದ ಚುಚ್ಚಿ ಚುಚ್ಚಿ ಕೇಳಿದೆ.
ಗೇರು ಹಿಂದಕ್ಕೆ ಬಿದ್ದಾಗ ಮಾತ್ರ
ಉಸಿರಾಡುವ ವೈರು ಅದು,
ಮಿಕ್ಕ ಹೊತ್ತು ಸತ್ತಂತೆ ಬಿದ್ದಿರುತ್ತದೆ.
ಕೆಂಪು ಅದಕ್ಕೆ, ಕಪ್ಪು ಕಾರಿನ ಮೈಗೆ;
ಟೇಪನ್ನು ಹಲ್ಲಲ್ಲೇ ಕಡಿದೆ.

ಸೋತದ್ದು ಒಂದೇ ಕಡೆ.
ಬಾಗಿಲಿಂದ ಒಳಕ್ಕೆ ಹಾಯುವ ರಬ್ಬರ್ ಕೊಳವೆ,
ಕಿರುಬೆರಳ ದಪ್ಪ,
ಅದರೊಳಗೆ ವೈರು ಹೋಗಲೊಲ್ಲದು.
ನೂಕಿದರೆ ಮಡಿಚಿಕೊಳ್ಳುತ್ತದೆ,
ಎಳೆದರೆ ಕೈಗೇ ವಾಪಸು.
ಒಂದು ಗಂಟೆ. ಬೆವರು. ಒಂದೆರಡು ಬೈಗುಳ,
ಹೈಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ದಂಡ ಹಾಕುವಂಥವು.

ಆಗ ಗೌಡರು ಜಗುಲಿ ಇಳಿದು ಬಂದರು.
ಒಂದು ಕೈಯಲ್ಲಿ ಹಳೇ ಸೈಕಲ್ಲಿನ ಕಡ್ಡಿ,
ಇನ್ನೊಂದರಲ್ಲಿ ಹರಳೆಣ್ಣೆ ಬಟ್ಟಲು.
‘ಈ ಕಡೆಯಿಂದ ನೂಕ್ಬೇಡಿ ಕನವ್ವ,
ಆ ಕಡೆಯಿಂದ ಕರೀರಿ, ಬತ್ತದೆ.’
ಎಣ್ಣೆ ಸವರಿ, ಕಡ್ಡಿಯ ತುದಿಗೆ ವೈರು ಕಟ್ಟಿ,
ಕಾರಿನ ತಗಡನ್ನು ಅಂಗೈಯಲ್ಲಿ ತಟ್ಟುತ್ತ
ಮೆಲ್ಲಗೆ ಅಂದರು, ನನಗಲ್ಲ, ವೈರಿಗೆ:
ಬರ್ಲಿ
ಬರ್ಲಿ
ಬರ್ಲಿ
ಬಂತು.
‘ಹೋಲ್ಡಾನ್.’

ಸಂಜೆ ಪರದೆ ಹೊತ್ತಿಕೊಂಡಿತು.
ಇಡೀ ಕ್ರಾಸು ಬಂದು ಕಾರೊಳಗೆ ಕೂತಿತು,
ತುಸು ಬಾಗಿ, ಹೊಟ್ಟೆ ಉಬ್ಬಿಸಿಕೊಂಡು.
ಆದರೆ ಎಡಕ್ಕಿರಬೇಕಾದ ಕಂಬ ಬಲಕ್ಕಿತ್ತು.
ಕ್ಯಾಮೆರಾದ ಕೊರಳಲ್ಲೊಂದು ಬಿಳಿ ವೈರಿನ ಉಂಗುರ,
ಹಾಗಾದರೆ ಅದನ್ನು ಕತ್ತರಿಸಬೇಕಂತೆ.
ಕತ್ತರಿಸಿದೆ. ಕಂಬ ತನ್ನ ಜಾಗಕ್ಕೆ ಮರಳಿತು.
ಪಾಪಣ್ಣ ಮಾತ್ರ ಎಡಚನಾಗಿ
ಎಡಗೈಯಲ್ಲಿ ಇಸ್ತ್ರಿ ತಿಕ್ಕುತ್ತಿದ್ದ.
ಇರಲಿ ಅಂದುಕೊಂಡೆ.

ಹಳದಿ ಗೆರೆಗೂ ಕೆಂಪು ಗೆರೆಗೂ ನಡುವೆ
ಹಲಗೇಗೌಡರು ನಿಂತಿದ್ದರು,
ಕೈ ಎತ್ತಿ, ಬಾಯಿ ಆಡಿಸುತ್ತ. ಸದ್ದಿಲ್ಲ.
‘ಕಾಣ್ತಿದ್ದೀರಿ ಗೌಡರೇ!’ ಎಂದು ಕೂಗಿದೆ.

‘ಎಲ್ಲಿ, ಎಲ್ಲಿ’ ಅಂತ ಬಂದರು
ಹೆಗಲ ಟವೆಲ್ಲು ಜಾರಿದ್ದೂ ತಿಳಿಯದೆ.
‘ಅಷ್ಟು ವರ್ಷ ಡ್ರೈವರ್ ಮುಂಡೇವ್ಕೆ
ಕನ್ನಡೀಲಿ ನನ್ನ ಕೈ ಒಂದೇ ಕಂಡಿದ್ದು.
ಇದ್ರಲ್ಲಿ ಮಕ ಕಾಣ್ತದಾ?’
ಕಿಟಕಿಯೊಳಗೆ ತಲೆಯಿಟ್ಟರು.
ಪರದೆಯಲ್ಲಿ ರಸ್ತೆ, ಇಳಿಬಿಸಿಲು,
ನೆಲದ ಮೇಲೊಂದು ಟವೆಲ್ಲು.
ಬಹಳ ಹೊತ್ತು ನೋಡಿದರು.

‘ಅಲ್ಲೇ ಇದ್ದೆ ಕನವ್ವ’ ಅಂದರು,
ನಕ್ಕು, ಟವೆಲ್ಲು ತರಲು ಹೋದರು.
ಬಗ್ಗಿದರು ನೋಡಿ,
ಪರದೆ ತುಂಬ ಅವರ ಮುಖ,
ಒಂದೊಂದು ಬಿಳಿ ಗಡ್ಡದ ಕೂದಲೂ ಲೆಕ್ಕಕ್ಕೆ ಸಿಗುವಷ್ಟು.

ಕೂಗಿದರೆ ಎದ್ದು ಬರುತ್ತಾರೆ.
ಗೇರು ನ್ಯೂಟ್ರಲ್ಲಿಗೆ ತಂದರೆ ಪರದೆ ಆರುತ್ತದೆ.
ಬ್ರೇಕಿನ ಮೇಲೆ ಎರಡೂ ಕಾಲಿಟ್ಟು
ಒತ್ತಿ ಹಿಡಿದೆ.